ಇನ್ನೂರ ಹದಿನೇಳನೆಯ ಸಾಲು

೧೮ ನವೆಂಬರ್ ೨೦೨೪, ಸೋಮವಾರ

ಪ್ರಿನ್ಸಿಪಾಲರ ಕಚೇರಿಯಿಂದ ಪತ್ರ ಬಂತು. ಬರುವ ಜೂನ್ ಒಳಗೆ ಪಿಎಚ್‌ಡಿ ಆಗದ ಅಧ್ಯಾಪಕರನ್ನೆಲ್ಲ ಕಾಯಂ ಹುದ್ದೆಯಿಂದ ತೆಗೆದು ತಾಸಿನ ಲೆಕ್ಕದ ಮೇಲೆ ಹಾಕುತ್ತಾರಂತೆ. ಈ ಕಾಲೇಜಿನಲ್ಲಿ ಹದಿನಾಲ್ಕು ವರ್ಷ ಎಲೆಕ್ಟ್ರಾನಿಕ್ಸ್ ಪಾಠ ಮಾಡಿದ್ದೇನೆ. ಆ ಮಾತು ಪತ್ರದಲ್ಲಿ ಎಲ್ಲೂ ಇಲ್ಲ. ನನ್ನ ನೋಂದಣಿಯ ಅವಧಿಯನ್ನು ಈಗಾಗಲೇ ಎರಡು ಸಲ ಮುಂದೆ ಹಾಕಿದ್ದಾರೆ. ಜನವರಿ ೩೧ಕ್ಕೆ ಥೀಸಿಸ್ ಕೊಡದಿದ್ದರೆ ಮುಗಿಯಿತು.

ಗಾಬರಿ ಬೀಳುವಂಥದ್ದೇನಿಲ್ಲ. ಆರು ಅಧ್ಯಾಯಗಳಲ್ಲಿ ಐದು ಮುಗಿದಿವೆ. ಆರನೆಯದಕ್ಕೆ ಕಮಿಟಿಯವರು ಒಂದೇ ಒಂದು ಗ್ರಾಫ್ ಕೇಳಿದ್ದಾರೆ. ಕಂಪ್ಯೂಟರಿನಲ್ಲಿ ಸೃಷ್ಟಿಸಿದ ಸಿಗ್ನಲ್ ಸಾಲದು, ಗಾಳಿಯಲ್ಲಿ ಹೋಗಿ ಬಂದ ನಿಜವಾದ ಸಿಗ್ನಲ್ ಮೇಲೂ ನನ್ನ ವಿಧಾನ ನಡೆಯುತ್ತದೆಂದು ತೋರಿಸಬೇಕು. ಎರಡು ವಾರದ ಕೆಲಸ.

ಮನೆಗೆ ಬಂದು ಹೇಳಿದಾಗ ಮಹಾದೇವಿ ಚಹಾದ ಕಪ್ಪು ಕೈಗಿಟ್ಟು ಎದುರಿಗೇ ಕೂತಳು. “ಏಳು ವರ್ಷಾತು. ನಿಮ್ಮ ಮನಿಯವರು ಏನ್ ಕಂಡ್ಹಿಡ್ಯಾಕತ್ತಾರ ಅಂತ ಇಡೀ ಬಿಲ್ಡಿಂಗ್ ಕೇಳ್ತದ. ನನಗ ಹೇಳಾಕ ಬರೂದಿಲ್ಲ. ಇವತ್ತರೆ ತಿಳಿಸಿ ಹೇಳ್ರಿ.”

ಹೇಳಿದೆ. ಫೋನಿನ ಸಿಗ್ನಲ್ ಟವರಿನಿಂದ ನೆಟ್ಟಗೆ ನಮ್ಮ ಕೈಗೆ ಬರುವುದಿಲ್ಲ. ಬಿಲ್ಡಿಂಗು, ನೀರಿನ ಟಾಕಿ, ಓಡುವ ಲೋಕಲ್ ರೈಲು, ಎಲ್ಲಕ್ಕೂ ಬಡಿದು ಹತ್ತು ದಾರಿಯಲ್ಲಿ ಬಂದು ಒಂದರ ಮೇಲೊಂದು ಬಿದ್ದು ಕಲಸಿಹೋಗಿರುತ್ತದೆ. ಆ ದಾರಿಗಳನ್ನೆಲ್ಲ ಸೇರಿಸಿ ಚಾನೆಲ್ ಅನ್ನುತ್ತೇವೆ. ಚಾನೆಲ್ ಎಂಥದ್ದೆಂದು ತಿಳಿದರೆ ಮಾತ್ರ ಅದು ಕೆಡಿಸಿದ್ದನ್ನು ಸರಿಮಾಡಬಹುದು. ಅದಕ್ಕೇ ಕಳಿಸುವವರು ನಡುನಡುವೆ ಮೊದಲೇ ಗೊತ್ತಿರುವ ಕೆಲವು ಗುರುತುಗಳನ್ನು ಕಳಿಸುತ್ತಾರೆ. ಗುರುತು ಹೇಗೆ ಕೆಟ್ಟು ಬಂತೆಂದು ನೋಡಿ ಈ ಕಡೆಯವರು ಚಾನೆಲ್ಲನ್ನು ಲೆಕ್ಕ ಹಾಕುತ್ತಾರೆ. ಗುರುತು ಕಳಿಸುವಷ್ಟು ಹೊತ್ತು ಮಾತು ನಿಲ್ಲುತ್ತದೆ, ಅಷ್ಟು ದಂಡ. ಗುರುತೇ ಇಲ್ಲದೆ, ಬಂದದ್ದನ್ನಷ್ಟೇ ನೋಡಿ ಚಾನೆಲ್ ಊಹಿಸುವುದು ಬ್ಲೈಂಡ್ ಎಸ್ಟಿಮೇಶನ್. ಕಣ್ಣು ಕಟ್ಟಿಕೊಂಡು ಹಾಕುವ ಅಂದಾಜು.

“ಅದು ಆಗ್ತದೇನ್ರಿ?”

“ಆಗ್ತದ. ನಮ್ಮ ಗೈಡ್ ಮೇಡಂ ಹತ್ರ ಮೊದಲು ರೋಶನ್ ಅಂತ ಒಬ್ಬ ಇದ್ದ. ಎಂಟು ವರ್ಷದ ಹಿಂದ ಮಾಡಿ ತೋರಿಸ್ಯಾನ. ಒಂದೂ ಗುರುತು ಬ್ಯಾಡ. ನಾ ಅದನ್ನ ಮುಂದ ಬೆಳಸೀನಿ.”

“ಹಂಗಾದ್ರ ನಿಮ್ಮದು ಛಲೋ ಕೆಲಸ ಬಿಡ್ರಿ” ಅಂದಳು. ಅವಳಿಗೆ ಎಷ್ಟು ತಿಳಿಯಿತೋ, ಮುಖ ಮಾತ್ರ ಅರಳಿತ್ತು.

ಮಲಗುವ ಮುಂಚೆ ಅರ್ಪಣೆಯ ಪುಟ ಬರೆದೆ. ‘ನನ್ನ ತಂದೆ ಖಂಡಪ್ಪನವರಿಗೆ, ಈ ಊರಿನ ಎಷ್ಟೋ ಕಟ್ಟಡಗಳಿಗೆ ಸೆಂಟ್ರಿಂಗ್ ಕಟ್ಟಿದವರಿಗೆ.’ ಇಂಗ್ಲಿಷಿನಲ್ಲಿ ಬರೆಯುವಾಗ ಕಾಂಕ್ರೀಟ್ ಹುಯ್ಯುವ ಮುಂಚೆ ಕಟ್ಟುವ ಆ ಹಲಗೆಯ ಸೆಂಟ್ರಿಂಗ್‌ಗೆ ಏನನ್ನಬೇಕೆಂದು ಬಹಳ ಹೊತ್ತು ಹುಡುಕಿದೆ.

೨೪ ನವೆಂಬರ್, ರವಿವಾರ

ಕಾಲೇಜಿನ ಟೆರೇಸಿನ ಮೇಲೆ ಸಿಗ್ನಲ್ ಕಳಿಸುವ ಒಂದು ರೇಡಿಯೊ ಪೆಟ್ಟಿಗೆ, ಎದುರಿನ ಹಾಸ್ಟೆಲ್ ಟೆರೇಸಿನ ಮೇಲೆ ಅದನ್ನು ಹಿಡಿಯುವ ಇನ್ನೊಂದು. ನನ್ನ ಜೊತೆ ಯಕ್ಷಿತಾ ಇದ್ದಳು. ಎಂ.ಟೆಕ್ ಎರಡನೆಯ ವರ್ಷ, ಚೆಂಬೂರಿನ ಹುಡುಗಿ. ಅಪ್ಪನ ಹೆಸರು ಅಂಗಾರ, ಉಡುಪಿ ಕಡೆಯಿಂದ ಬಂದು ಹೋಟೆಲಿನಲ್ಲಿ ದೋಸೆ ಹುಯ್ಯುವವರು. ಕಾಗದದಲ್ಲಿ ಅವಳ ಗೈಡ್ ಕೂಡ ನಮ್ಮ ಶುಭಾಂಗಿ ಮೇಡಂ, ಕೆಲಸ ಕಲಿಸುವುದು ನಾನು. ನನ್ನ ವಿಧಾನವನ್ನು ಈ ಅಗ್ಗದ ಪೆಟ್ಟಿಗೆಗಳಲ್ಲಿ ಓಡಿಸುವುದೇ ಅವಳ ಪ್ರಾಜೆಕ್ಟ್. ಕೋಡ್ ಎಲ್ಲ ನಾನೇ ಕೊಟ್ಟದ್ದು.

ಐದೈದು ನಿಮಿಷಕ್ಕೊಂದು ವಿಮಾನ ತಲೆಯ ಮೇಲಿಂದ ಇಳಿಯುತ್ತಿತ್ತು. ಅಷ್ಟು ಹೊತ್ತು ಅವಳು ಮಾತು ನಿಲ್ಲಿಸಿ, ಹೋದ ಮೇಲೆ ಅದೇ ಪದದಿಂದ ಮುಂದುವರಿಸುತ್ತಿದ್ದಳು. ಮಧ್ಯಾಹ್ನದವರೆಗೆ ನಲವತ್ತು ಸಲ ಕಳಿಸಿದೆವು. ಬಂದದ್ದು ಬರೀ ಕಸ.

“ಸರ್, ಮತ್ಲಬ್ ನಾನು ಏನಾದ್ರೂ ತಪ್ಪು ಮಾಡಿದ್ನಾ?”

“ನಿನ್ನದಲ್ಲಮ್ಮ. ಮೊದಲನೆ ದಿನ ಹೀಗೇ.”

೫ ಡಿಸೆಂಬರ್, ಗುರುವಾರ

ಕೇಬಲ್ ಬದಲಿಸಿದೆವು, ಆಂಟೆನಾ ಬದಲಿಸಿದೆವು. ಆಗುತ್ತಿಲ್ಲ. ಒಂದು ವಿಚಿತ್ರವಿದೆ: ಒಂದೊಂದು ಸಲಕ್ಕೆ ಕಳಿಸಿದ ಕಂತುಗಳಲ್ಲಿ ಅರ್ಧದಷ್ಟು ಪೂರ್ತಿ ಸರಿ, ಉಳಿದರ್ಧ ಪೂರ್ತಿ ತಲೆಕೆಳಗು. ಅರೆಬರೆ ಯಾವುದೂ ಇಲ್ಲ. ಸದ್ದು, ಗದ್ದಲದಿಂದ ಕೆಟ್ಟದ್ದಾದರೆ ಹೀಗೆ ಕೆಡುವುದಿಲ್ಲ.

ಯಕ್ಷಿತಾಳಿಗೆ ಬಿಸಿಲಿಗೆ ತಲೆನೋವು ಬಂದಿತ್ತು. ಮನೆಗೆ ಕಳಿಸಿದೆ.

೧೧ ಡಿಸೆಂಬರ್, ಬುಧವಾರ

ಸಿಕ್ಕಿತು.

ರೋಶನ್ ಬರೆದ ಮೂಲ ಕೋಡಿನಲ್ಲಿ ಇನ್ನೂರ ಹದಿನೇಳನೆಯ ಸಾಲು. ಏಳು ವರ್ಷದಿಂದ ಆ ಫೈಲಿನ ಮೇಲೇ ಎಲ್ಲ ಕಟ್ಟುತ್ತ ಬಂದಿದ್ದೇನೆ. ಒಮ್ಮೆಯೂ ತೆರೆದು ಕೊನೆತನಕ ಓದಿರಲಿಲ್ಲ.

ಬಂದ ಸಿಗ್ನಲ್ ಒಂದನ್ನೇ ನೋಡಿದರೆ ಚಾನೆಲ್ಲಿನ ಆಕಾರ ಸಿಗುತ್ತದೆ, ಅದು ನೆಟ್ಟಗಿದೆಯೋ ತಲೆಕೆಳಗಿದೆಯೋ ಸಿಗುವುದಿಲ್ಲ. ತಲೆಕೆಳಗಾಗಿದ್ದರೆ ಪ್ರತಿಯೊಂದು ಹೌದೂ ಇಲ್ಲ, ಪ್ರತಿಯೊಂದು ಇಲ್ಲವೂ ಹೌದು. ಅದನ್ನು ತಿಳಿಯಲು ಗೊತ್ತಿರುವ ಗುರುತು ಒಂದಾದರೂ ಬೇಕು. ಅದೂ ಬೇಡ ಅನ್ನುವುದೇ ರೋಶನ್‌ನ ಪ್ರಬಂಧದ ಹೆಚ್ಚುಗಾರಿಕೆ. ಆ ಸಾಲು ಮಾಡುವುದು ಇಷ್ಟೆ: ಪ್ರತಿ ಕಂತಿನಲ್ಲೂ ಅಂದಾಜನ್ನು ನಿಜವಾದ ಚಾನೆಲ್ಲಿನ ಪಕ್ಕದಲ್ಲಿಟ್ಟು ನೋಡುತ್ತದೆ, ಉಲ್ಟಾ ಇದ್ದರೆ ಸದ್ದಿಲ್ಲದೆ ತಿರುಗಿಸುತ್ತದೆ. ಕಂಪ್ಯೂಟರಿನಲ್ಲಿ ಚಾನೆಲ್ ಮಾಡಿದವರು ನಾವೇ, ಉತ್ತರ ಅಲ್ಲೇ ಇರುತ್ತದೆ. ಟೆರೇಸಿನ ಮೇಲೆ ಉತ್ತರವಿಲ್ಲ. ಫೋಲ್ಡರಿನಲ್ಲಿ ಬಿದ್ದಿದ್ದ ಯಾವುದೋ ಹಳೆಯ ಉತ್ತರವನ್ನು ಓದಿಕೊಂಡು ಮನಬಂದಂತೆ ತಿರುಗಿಸುತ್ತಿತ್ತು.

ಸಾಲು ತೆಗೆದು ಓಡಿಸಿದೆ. ಅರ್ಧ ಸರಿ, ಅರ್ಧ ತಪ್ಪು. ನಾಣ್ಯ ಚಿಮ್ಮಿದರೂ ಅಷ್ಟೇ ಬರುತ್ತದೆ. ನನ್ನ ಐದೂ ಅಧ್ಯಾಯಗಳ ಒಂದೊಂದು ಗ್ರಾಫೂ ಆ ಸಾಲಿನ ಮೇಲೆ ನಿಂತಿದೆ. ಒಂದು ಗುರುತು ಕಳಿಸಿದರೆ ಎಲ್ಲ ಸರಿಹೋಗುತ್ತದೆ, ಆದರೆ ಅದು ಇಪ್ಪತ್ತು ವರ್ಷ ಹಳೆಯ ವಿಧಾನ. ಅದಕ್ಕೆ ಯಾರೂ ಡಿಗ್ರಿ ಕೊಡುವುದಿಲ್ಲ.

೧೨ ಡಿಸೆಂಬರ್

ಎರಡು ಕ್ಲಾಸ್ ತೆಗೆದುಕೊಂಡೆ. ಏನು ಹೇಳಿದೆನೋ ನೆನಪಿಲ್ಲ.

೧೩ ಡಿಸೆಂಬರ್, ಶುಕ್ರವಾರ

ರೋಶನ್ ಈಗ ಪುಣೆಯಲ್ಲಿ ಯಾವುದೋ ಕಂಪನಿಯಲ್ಲಿದ್ದಾನೆ. ಫೋನ್ ಮಾಡಿದೆ. ಸಾಲಿನ ನಂಬರ್ ಹೇಳಿದೊಡನೆ ಅವನಿಗೆ ಗೊತ್ತಾಯಿತು.

“ಅದು ಟೆಸ್ಟಿಂಗಿಗೆ ಹಾಕಿದ್ದು ಸರ್. ತೆಗೀಲಿಕ್ಕೆ ಮರ್ತುಹೋಯ್ತು. ಗೊತ್ತಾಗುವಾಗ ಪೇಪರ್ ಪ್ರಿಂಟ್ ಆಗಿತ್ತು.”

“ಯಾರಿಗೂ ಹೇಳಲಿಲ್ಲವಾ?”

“ಹೇಗೆ ಹೇಳುದು ಸರ್? ಮೇಡಂಗೆ ಪ್ರೊಮೋಷನ್ ಆಗಿತ್ತು, ನಂಗೆ ಕೆಲಸ ಸಿಕ್ಕಿತ್ತು. ಮತ್ತೆ ನಾನು ಆ ಲೈನೇ ಬಿಟ್ಟೆ.”

ಎಂಟು ವರ್ಷ ಸುಮ್ಮನಿದ್ದ! ತನ್ನ ಹಿಂದೆ ಬರುವವರು ಅದರ ಮೇಲೇ ಬದುಕು ಕಟ್ಟುತ್ತಾರೆಂದು ಗೊತ್ತಿದ್ದೂ. ಇಂಥವರಿಗೆ ನಿದ್ದೆ ಹೇಗೆ ಬರುತ್ತದೋ. ನಾನಾಗಿದ್ದರೆ ಮರುದಿನವೇ ಬರೆದು ತಿಳಿಸುತ್ತಿದ್ದೆ.

೧೬ ಡಿಸೆಂಬರ್, ಸೋಮವಾರ

ಮೇಡಂಗೆ ಹೇಳಿದೆ. ಬಾಗಿಲು ಹಾಕಿ ಬಾ ಅಂದರು. ಲ್ಯಾಪ್‌ಟಾಪಿನಲ್ಲಿ ಸಾಲು ತೋರಿಸಿದೆ. ಕನ್ನಡಕ ಏರಿಸಿ ಎರಡು ಸಲ ಓದಿದರು. ಅವರಿಗೆ ಮೊದಲೇ ಗೊತ್ತಿರಲಿಲ್ಲ. ಅದು ಮುಖದಲ್ಲೇ ಕಂಡಿತು.

ಕನ್ನಡಕ ತೆಗೆದಿಟ್ಟು ಮರಾಠಿಯಲ್ಲಿ ಹೇಳಿದರು, “ದೇವಾನಂದ, ಇದರ ಮೇಲೆ ಮೂರು ಜನ ಡಾಕ್ಟರೇಟ್ ತೆಗೆದುಕೊಂಡಿದ್ದಾರೆ. ನೀನು ನಾಲ್ಕನೆಯವನು. ನಾನು ಮುಂದಿನ ವರ್ಷ ರಿಟೈರ್ ಆಗುತ್ತೇನೆ. ಈಗ ಬಾಯಿ ಬಿಟ್ಟರೆ ಯಾರಿಗೆ ಏನು ಬಂತು?”

“ಆದರೆ ಮೇಡಂ, ಇದು ತಪ್ಪು.”

“ತಪ್ಪೇ. ಇದರಿಂದ ಸೇತುವೆ ಬೀಳುತ್ತದಾ? ಯಾರಾದರೂ ಸಾಯುತ್ತಾರಾ? ಯಾವ ಕಂಪನಿಯೂ ಇದನ್ನು ಬಳಸುತ್ತಿಲ್ಲ. ಟೆರೇಸಿನ ಗ್ರಾಫ್ ಬಿಡು, ಕಮಿಟಿಗೆ ನಾನು ಹೇಳುತ್ತೇನೆ. ಐದು ಅಧ್ಯಾಯ ಸಾಕು. ಜನವರಿಯಲ್ಲಿ ಕೊಟ್ಟುಬಿಡು.”

ಹೊರಡುವಾಗ ನೀರು ಕುಡಿ ಅಂತ ತಮ್ಮ ಬಾಟಲಿಯನ್ನೇ ಕೊಟ್ಟರು. ನಾನು ಒಪ್ಪಲೂ ಇಲ್ಲ, ಇಲ್ಲ ಅನ್ನಲೂ ಇಲ್ಲ. ವಿಚಾರ ಮಾಡುತ್ತೇನೆ ಅಂದೆ. ಯಕ್ಷಿತಾಳಿಗೆ ನಾಳೆಯೇ ಹೇಳಬೇಕು. ಅವಳ ದಿನ ಸುಮ್ಮನೆ ಹಾಳಾಗುತ್ತಿದೆ.

೭ ಜನವರಿ ೨೦೨೫, ಮಂಗಳವಾರ

ಯಕ್ಷಿತಾ ಟೆರೇಸಿನ ಕೀಲಿಕೈ ಕೇಳಲು ಬಂದಳು. ರಜೆಯಲ್ಲೂ ಒಬ್ಬಳೇ ಹತ್ತು ದಿನ ಪ್ರಯೋಗ ಮಾಡಿದ್ದಾಳೆ. ಎರಡು ಪೆಟ್ಟಿಗೆಗಳ ಒಳಗಿನ ಗಡಿಯಾರ ಒಂದಕ್ಕೊಂದು ಕೂಡುತ್ತಿಲ್ಲವೇನೋ ಅನ್ನುವುದು ಅವಳ ಗುಮಾನಿ.

“ಇರಬಹುದು, ನೋಡು” ಅಂದೆ.

ಪೂರ್ತಿ ಸುಳ್ಳೇನಲ್ಲ. ಗಡಿಯಾರ ಕೂಡದಿದ್ದರೂ ತೊಂದರೆಯಾಗುತ್ತದೆ. ಥೀಸಿಸ್ ಕೊಟ್ಟ ಮೇಲೆ ಅವಳನ್ನು ಕೂರಿಸಿಕೊಂಡು ಸಮಾಧಾನವಾಗಿ ಹೇಳುತ್ತೇನೆ. ಈಗ ಹೇಳಿದರೆ ಮಾತು ಎಲ್ಲೆಲ್ಲಿಗೋ ಹೋಗುತ್ತದೆ.

೧೯ ಜನವರಿ, ರವಿವಾರ

ಮಹಾದೇವಿ ಬಾಗಿಲಿಗೆ ಹಾಕುವ ಹೆಸರಿನ ಫಲಕ ನೋಡಿ ಬಂದಿದ್ದಾಳೆ. “ಇಂಗ್ಲಿಷ್ ಒಂದ ಬ್ಯಾಡ್ರಿ, ಕನ್ನಡದಾಗೂ ಇರಲಿ” ಅನ್ನುತ್ತಾಳೆ. ಇಷ್ಟು ಬೇಗ ಯಾಕೆ ಅಂತ ಸಿಟ್ಟು ಮಾಡಿದೆ. ಅವಳು ಒಳಗೆ ಹೋಗಿ ರೊಟ್ಟಿ ಬಡಿಯುತ್ತ ಕೂತಳು. ಅವಳಿಗೆ ಹೇಳಿಬಿಡೋಣ ಅಂತ ಎರಡು ಸಲ ಅಡುಗೆಮನೆಯ ಬಾಗಿಲಿಗೆ ಹೋದೆ. ಎರಡನೆಯ ಸಲ ಅವಳೇ ತಿರುಗಿ, “ಬಿಡ್ರಿ, ಟೆನ್ಶನ್‌ನ್ಯಾಗ ಅಂದ್ರಿ, ನನಗ ತಿಳೀತದ” ಅಂದಳು. ನೀರು ಕುಡಿದು ಹೊರಗೆ ಬಂದೆ.

೨೯ ಜನವರಿ, ಬುಧವಾರ

ಥೀಸಿಸ್ ಕೊಟ್ಟೆ. ಐದು ಅಧ್ಯಾಯ, ನೂರ ಎಂಬತ್ತಾರು ಪುಟ. ಅರ್ಪಣೆಯ ಪುಟ ಕಡೆಗಳಿಗೆಯಲ್ಲಿ ತೆಗೆದೆ. ಈಗ ಯಾರೂ ಹಾಕುವುದಿಲ್ಲ.

೨೦ ಫೆಬ್ರುವರಿ, ಗುರುವಾರ

ಯಕ್ಷಿತಾ ಹೊಸ ಗಡಿಯಾರದ ಸರ್ಕ್ಯೂಟ್ ತಾನೇ ಬೆಸುಗೆ ಹಾಕುತ್ತಿದ್ದಾಗ ಬೆರಳು ಸುಟ್ಟುಕೊಂಡಳು. ಮುಲಾಮು ತಂದು ಹಚ್ಚಿಸಿ, ಕ್ಯಾಂಟೀನಿಗೆ ಕರೆದುಕೊಂಡು ಹೋಗಿ ಚಹಾ ಕುಡಿಸಿದೆ. ಜೂನಿನಲ್ಲಿ ಮುಗಿದರೆ ಅವಳಿಗೆ ಒಂದು ಕಂಪನಿಯಲ್ಲಿ ಕೆಲಸ ಖಚಿತವಾಗಿದೆ. ಮನೆಯಲ್ಲಿ ಡಿಗ್ರಿ ಮುಗಿಸಿದವರೇ ಅವಳಿಗಿಂತ ಮೊದಲು ಯಾರೂ ಇಲ್ಲವಂತೆ.

“ನೀವು ಇಲ್ಲದಿದ್ರೆ ನಾನು ಯಾವಾಗ್ಲೋ ಬಿಡ್ತಿದ್ದೆ ಸರ್.”

ವಿದ್ಯಾರ್ಥಿಗಳ ಬಗ್ಗೆ ಇಷ್ಟು ಕಾಳಜಿ ಮಾಡುವವರು ನಮ್ಮ ಡಿಪಾರ್ಟ್‌ಮೆಂಟಿನಲ್ಲಿ ಬೇರೆ ಯಾರೂ ಇಲ್ಲ. ಇದನ್ನು ಹೊಗಳಿಕೊಳ್ಳಲು ಬರೆಯುತ್ತಿಲ್ಲ.

೨೨ ಏಪ್ರಿಲ್, ಮಂಗಳವಾರ

ಅವಳಿಗೆ ಸಿಕ್ಕಿತು.

ಮುಂಜಾನೆ ಹತ್ತಕ್ಕೆ ಕ್ಯಾಬಿನ್ನಿಗೆ ಬಂದು ಬಾಗಿಲು ತಾನೇ ಹಾಕಿದಳು. ಲ್ಯಾಪ್‌ಟಾಪ್ ತೆರೆದು ನನ್ನ ಕಡೆ ತಿರುಗಿಸಿದಳು. ಅದೇ ಸಾಲು, ಹಳದಿ ಬಣ್ಣ ಬಳಿದಿದ್ದಳು.

“ಸರ್, ಇದು ರೋಶನ್ ಸರ್ ಹಾಕಿದ್ದು. ನಾನು ಮೂರು ದಿನ ಚೆಕ್ ಮಾಡಿದೆ. ಇದು ತೆಗೆದ್ರೆ ಏನೂ ಬರೋದಿಲ್ಲ.” ಆಮೇಲೆ ದನಿ ಸಣ್ಣದಾಯಿತು. “ಸರ್, ನಿಮ್ಮ ಥೀಸಿಸ್ ಕೂಡ ಇದ್ರ ಮೇಲೇ ಉಂಟಲ್ಲ. ನಿಮಗೆ ಹೇಗೆ ಹೇಳುದು ಅಂತ ನಿನ್ನೆ ಇಡೀ ದಿನ ಅಳು ಬಂತು.”

ನಾನು ಪರದೆ ನೋಡುತ್ತ ಕೂತೆ. ಮೌಸ್ ಹಿಡಿದು ಮೇಲೆ ಕೆಳಗೆ ಸರಿಸಿದೆ. “ನೋಡಬೇಕು” ಅಂದೆ. “ನಾನು ಕೂತು ನೋಡಬೇಕು.”

“ನಿಮ್ಮ ವೈವಾ ಆಗೋವರೆಗೆ ನಾನು ಯಾರಿಗೂ ಹೇಳೋದಿಲ್ಲ ಸರ್. ಪ್ರಾಮಿಸ್. ನೀವೇ ಯೋಚನೆ ಮಾಡಿ ಏನು ಸರಿಯೋ ಮಾಡಿ. ನೀವು ಸರಿಯಾಗೇ ಮಾಡ್ತೀರಿ, ನಂಗೆ ಗೊತ್ತು.”

ನನಗೆ ಇವತ್ತೇ ತಿಳಿದದ್ದೆಂದು ಅವಳು ಅಂದುಕೊಂಡಿದ್ದಾಳೆ. ನಾನು ಹಾಗೆ ಹೇಳಲಿಲ್ಲ. ಅವಳು ಕೇಳಲೂ ಇಲ್ಲ.

೨೯ ಮೇ, ಗುರುವಾರ

ವೈವಾ ಆಯಿತು. ಹೊರಗಿನಿಂದ ಬಂದಿದ್ದ ಪರೀಕ್ಷಕರು ವಯಸ್ಸಾದವರು, ಮೆತ್ತಗಿನ ಮಾತು. ಒಂದೇ ಪ್ರಶ್ನೆ ನೆಟ್ಟಗೆ ಕೇಳಿದರು. “ಗೊತ್ತಿರುವ ಒಂದು ಗುರುತೂ ಇಲ್ಲದೆ ನೆಟ್ಟಗೋ ತಲೆಕೆಳಗೋ ಹೇಗೆ ತೀರ್ಮಾನಿಸುತ್ತೀರಿ?” ನಾನು ಎದ್ದು ಬೋರ್ಡಿನ ಮೇಲೆ ಹದಿನೈದು ನಿಮಿಷ ಬರೆದೆ. ಒಂದೊಂದು ಸಮೀಕರಣವೂ ಸರಿಯಾಗೇ ಇತ್ತು. ಅವರು ಕೇಳಿದ್ದಕ್ಕೆ ಉತ್ತರ ಮಾತ್ರ ಅದರಲ್ಲಿರಲಿಲ್ಲ. ಅವರು ತಲೆಯಾಡಿಸಿ ಕೈಗಡಿಯಾರ ನೋಡಿಕೊಂಡರು. ಅವರಿಗೆ ವಿಮಾನಕ್ಕೆ ಹೊತ್ತಾಗಿತ್ತು.

ಮಹಾದೇವಿ ಬಂದಿದ್ದಳು, ಕೊನೆಯ ಸಾಲಿನಲ್ಲಿ ಕೂತಿದ್ದಳು. ಎಲ್ಲರೂ ಚಪ್ಪಾಳೆ ತಟ್ಟಿದ ಮೇಲೂ ತಟ್ಟುತ್ತಲೇ ಇದ್ದಳು.

ಮನೆಗೆ ಬಂದು ಮಲಗಿದವನು ಮರುದಿನ ಹತ್ತಕ್ಕೆ ಎದ್ದೆನೆಂದು ಈಗ ಬರೆದು ಸೇರಿಸುತ್ತಿದ್ದೇನೆ. ಇಷ್ಟು ನಿದ್ದೆ ಮಾಡಿ ಎಷ್ಟು ವರ್ಷವಾಗಿತ್ತೋ.

೯ ಜೂನ್, ಸೋಮವಾರ

ಯಕ್ಷಿತಾ ತನ್ನ ವರದಿಯ ಕರಡು ಕಳಿಸಿದ್ದಾಳೆ. ಆ ಸಾಲು ತೆಗೆದು, ಒಂದು ಗುರುತು ಸೇರಿಸಿ, ಹಳೆಯ ವಿಧಾನಕ್ಕಿಂತ ಇದು ಒಂದಿಷ್ಟೂ ಹೆಚ್ಚಲ್ಲವೆಂದು ತೋರಿಸಿದ್ದಾಳೆ. ನಾಲ್ಕನೆಯ ಅಧ್ಯಾಯದಲ್ಲಿ ರೋಶನ್‌ನ ಪ್ರಬಂಧದ ತಪ್ಪನ್ನು ಬಿಡಿಸಿ ಬರೆದಿದ್ದಾಳೆ. ನನ್ನ ಥೀಸಿಸ್ಸಿನ ಹೆಸರು ಎಲ್ಲೂ ಇಲ್ಲ. ಹುಡುಕಿ ನೋಡಿದೆ.

ಫೋನ್ ಮಾಡಿ, “ನಾಲ್ಕನೆಯ ಅಧ್ಯಾಯ ಇಲ್ಲದಿದ್ದರೂ ನಡೀತದಲ್ಲ” ಅಂದೆ.

“ಅದು ಇಲ್ಲದಿದ್ರೆ ಮತ್ತೇನಿದೆ ಸರ್ ಅದ್ರಲ್ಲಿ?” ಅಂದಳು. ನಕ್ಕಳು ಕೂಡ. ಅವಳ ಒಳ್ಳೆಯದಕ್ಕೇ ಹೇಳಿದ್ದು.

೧೯ ಜೂನ್, ಗುರುವಾರ

ಯಕ್ಷಿತಾಳ ಪರೀಕ್ಷೆ. ಮೇಡಂ, ಹೊರಗಿನವರೊಬ್ಬರು, ಮತ್ತು ನಾನು. ಡಾಕ್ಟರೇಟ್ ಆಯಿತೆಂದು ಮೊದಲ ಸಲ ನನ್ನನ್ನೂ ಮೂವರಲ್ಲಿ ಕೂರಿಸಿದ್ದರು.

ಚೆನ್ನಾಗಿ ಹೇಳಿದಳು. ಟೆರೇಸಿನ ಆರು ತಿಂಗಳ ದಾಖಲೆ, ಒಂದೊಂದು ದಿನದ್ದು, ಮಳೆ ಬಂದದ್ದೂ ಬರೆದಿತ್ತು. ನಾಲ್ಕನೆಯ ಅಧ್ಯಾಯ ಬಂದಾಗ ಮೇಡಂ ತಡೆದರು. “ಅಂದರೆ ನಿನ್ನ ಎರಡು ವರ್ಷದ ಫಲಿತಾಂಶ ಏನು? ಏನೂ ಇಲ್ಲ ಅನ್ನುವುದೇ?”

“ಇದು ಆಗೋದಿಲ್ಲ ಅನ್ನೋದು, ಮೇಡಂ.”

“ಎಂಟು ವರ್ಷದಿಂದ ಆಗುತ್ತಿದೆ. ನಿನಗೊಬ್ಬಳಿಗೆ ಆಗಲಿಲ್ಲ.”

ಅವಳು ನನ್ನ ಕಡೆ ನೋಡಿದಳು. ಬೇಡುವ ನೋಟವೇನಲ್ಲ. ಈಗ ನಾನು ಮಾತಾಡುತ್ತೇನೆಂದು ಕಾಯುವ ಹಾಗೆ, ಅಷ್ಟೆ. ವಿಮಾನವೊಂದು ಇಳಿಯುತ್ತಿತ್ತು, ಆ ಸದ್ದು ಮುಗಿಯುವ ತನಕ ಯಾರೂ ಮಾತಾಡಲಿಲ್ಲ. ಆಮೇಲೆ ಹೊರಗಿನವರು ಗಂಟಲು ಸರಿಮಾಡಿಕೊಂಡು ಮುಂದಿನ ಪುಟಕ್ಕೆ ಹೋಗೋಣ ಅಂದರು.

ತೀರ್ಮಾನ: ಕೆಲಸ ಅಪೂರ್ಣ, ಆರು ತಿಂಗಳ ನಂತರ ಮತ್ತೆ ಬರಬೇಕು. ಮೂರು ಸಹಿ. ನನ್ನದು ಮೂರನೆಯದು. ಎರಡು ಆದ ಮೇಲೆ ಮೂರನೆಯದರಿಂದ ಏನೂ ಬದಲಾಗುವುದಿಲ್ಲ.

೪ ಜುಲೈ, ಶುಕ್ರವಾರ

ಯಕ್ಷಿತಾ ರೇಡಿಯೊ ಪೆಟ್ಟಿಗೆಗಳನ್ನೂ ಕೀಲಿಕೈಯನ್ನೂ ಒಪ್ಪಿಸಲು ಬಂದಿದ್ದಳು. ಆ ಕಂಪನಿ ಆರು ತಿಂಗಳು ಕಾಯುವುದಿಲ್ಲ ಅಂದಿತಂತೆ. ಓದು ಬಿಡುತ್ತಿದ್ದಾಳೆ. ಏರ್‌ಪೋರ್ಟಿನಲ್ಲಿ ಸಾಮಾನು ಸಾಗಿಸುವ ವಿಭಾಗದಲ್ಲಿ ಕಂಪ್ಯೂಟರ್ ಮುಂದೆ ಕೂರುವ ಕೆಲಸ ಸಿಕ್ಕಿದೆ, ಶಿಫ್ಟಿನದು. ಡಿಸೆಂಬರಿನಲ್ಲಿ ಬಂದು ಮುಗಿಸು ಅಂದೆ. “ಅದೇ ಮೂರು ಜನ ಇರ್ತಾರಲ್ಲ ಸರ್” ಅಂದಳು. ಅವಳ ಮಾತಿನಲ್ಲಿ ಕಹಿಯೇನೂ ಇರಲಿಲ್ಲ.

ಪೆಟ್ಟಿಗೆಗಳನ್ನು ಒರೆಸಿ, ವೈರುಗಳನ್ನು ಸುತ್ತಿ, ಒಂದೊಂದಕ್ಕೂ ಚೀಟಿ ಅಂಟಿಸಿ ತಂದಿದ್ದಳು. ಕಪಾಟಿನಲ್ಲಿಟ್ಟು ಬಂದು ಎದುರಿಗೆ ನಿಂತಳು.

“ಸರ್, ಒಂದು ಕೇಳ್ಬೇಕಿತ್ತು. ಪ್ಲೀಸ್, ಬೇಜಾರು ಮಾಡ್ಕೋಬೇಡಿ.”

“ಕೇಳಮ್ಮ.”

“ನಾನು ತೋರಿಸೋ ಮೊದಲು ನಿಮಗೆ ಗೊತ್ತಿತ್ತಾ?”

“ಇಲ್ಲ” ಅಂದೆ.

ಅವಳ ಮುಖ ತಿಳಿಯಾಯಿತು. ಕಣ್ಣು ಒರೆಸಿಕೊಂಡು ನಕ್ಕಳು. “ಹಾಗಾದ್ರೆ ಸಾಕು ಸರ್. ಅದೊಂದೇ ಕೊರೀತಾ ಇತ್ತು. ಟೆರೇಸ್ ಮೇಲೆ ನಾನು ಅಷ್ಟು ದಿನ ಹತ್ತಿ ಇಳಿಯುವಾಗ ಸರ್‌ಗೆ ಗೊತ್ತಿತ್ತಾ ಅಂತ. ಅಪ್ಪ ಹೇಳಿದ್ರು, ಕೇಳಿಬಿಡು, ಸುಮ್ಮನೆ ಮನಸ್ಸಲ್ಲಿ ಇಟ್ಕೋಬೇಡ ಅಂತ.”

ಬಗ್ಗಿ ಕಾಲು ಮುಟ್ಟಿದಳು. ಬೇಡ ಅನ್ನುವಷ್ಟರಲ್ಲಿ ಮುಟ್ಟಿಯಾಗಿತ್ತು. ಒಳ್ಳೆಯದಾಗಲಿ ಅಂದೆ.

ಹೊರಗೆ ಮಳೆ ಜೋರಾಗಿತ್ತು, ಅವಳು ಕೊಡೆ ತಂದಿರಲಿಲ್ಲ. ಪಾರ್ಲೆ ಸ್ಟೇಷನ್ ತನಕ ನನ್ನ ಕೊಡೆಯಲ್ಲಿ ಕರೆದುಕೊಂಡು ಹೋದೆ. ಮನೆಗೆ ಹೋಗಲು ನನ್ನದೂ ಅದೇ ಹಾರ್ಬರ್ ಲೈನಿನ ಲೋಕಲ್, ವಡಾಲಾ ತನಕ ಇಬ್ಬರದೂ ಒಂದೇ ಗಾಡಿ. ಆದರೆ ನನಗೆ ಇನ್ನೂ ಕೆಲಸವಿದೆ ಅಂದೆ. ಅವಳು ಲೇಡೀಸ್ ಡಬ್ಬಿ ಹತ್ತಿದಳು. ಗಾಡಿ ಹೊರಟಾಗ ಬಾಗಿಲಿನ ಹತ್ತಿರ ನಿಂತು ಕೈ ಬೀಸಿದಳು. ನಾನೂ ಬೀಸಿದೆ.